ಹಿತ್ತಲ ರೈಲಿಗೆ ನಾಲ್ಕು ವ್ಯಾಗನ್ನುಗಳು

ಕಳೆದ ಭಾನುವಾರ ಸಂಜೆ ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ನಾಲ್ಕು ವ್ಯಾಗನ್ನುಗಳ ಪುಟ್ಟ ಮಾದರಿ ಗೂಡ್ಸ್ ಗಾಡಿಯೊಂದು ನಿಂಬೆ ಗಿಡದ ಸುತ್ತ ಹಳಿ ತಪ್ಪದೆ ಇಪ್ಪತ್ತು ಸುತ್ತು ಹಾಕಿತು. ಆ ನಾಲ್ಕು ವ್ಯಾಗನ್ನುಗಳನ್ನು ಕಟ್ಟಲು ನನಗೆ ಜನವರಿಯಿಂದ ಅಕ್ಟೋಬರ್‌ವರೆಗೆ ಹಿಡಿಯಿತು. ಸರಿಯಾಗಿ ತಿಳಿದವರಿಗೆ ಇದು ಆರು ವಾರಗಳ ಕೆಲಸ. ಉಳಿದ ಕಾಲವೆಲ್ಲ ತಪ್ಪು ವಸ್ತು ಕೊಳ್ಳುವುದರಲ್ಲಿ, ಬಾರದ ಪಾರ್ಸೆಲ್ಲಿಗೆ ಕಾಯುವುದರಲ್ಲಿ, ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡುವುದರಲ್ಲಿ ಕಳೆಯಿತು. ಇದೇ ಹುಚ್ಚು ಹಿಡಿದ ಇನ್ನೊಬ್ಬರಿಗೆ ಆ ದಂಡದ ತಿಂಗಳುಗಳಾದರೂ ಉಳಿಯಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಎಂಜಿನ್ ನಾನು ಕೊಂಡದ್ದಲ್ಲ. ಜರ್ಮನಿಯಲ್ಲಿ ಕೆಲಸ ಮುಗಿಸಿ ಊರಿಗೆ ಮರಳಿದ ನನ್ನ ಭಾವಮೈದುನ ತನ್ನ ಮಕ್ಕಳು ಆಡಿ ಬಿಟ್ಟಿದ್ದ ಎಲ್‌ಜಿಬಿ ಎಂಬ ಮಾದರಿ ರೈಲಿನ ಸೆಟ್ಟೊಂದನ್ನು ಸೂಟ್‌ಕೇಸಿನಲ್ಲಿ ತಂದು ನನಗೆ ಕೊಟ್ಟ. ಅದರಲ್ಲಿ ‘ಸ್ಟೈನ್ಝ್’ ಮಾದರಿಯ ಪುಟ್ಟ ಉಗಿ ಎಂಜಿನ್, ವಿದ್ಯುತ್ ನಿಯಂತ್ರಕ ಮತ್ತು ಹನ್ನೆರಡು ಬಾಗು ಹಳಿಗಳಿದ್ದವು. ಎಂಜಿನ್ ಎಳೆಯಬೇಕಾದ ಡಬ್ಬಿಗಳು ಎಂದೋ ಮುರಿದುಹೋಗಿದ್ದವು. ಹನ್ನೆರಡು ಹಳಿ ಜೋಡಿಸಿದರೆ 600 ಮಿ.ಮೀ. ತ್ರಿಜ್ಯದ ಒಂದು ವೃತ್ತವಾಗುತ್ತದೆ. ಆಮೇಲೆ ಅದೇ ಭಾವಮೈದುನನ ಗೆಳೆಯನಿಂದ ಕೆಲವು ನೇರ ಹಳಿಗಳೂ ದೊರೆತವು. ಎಳೆಯಲು ಏನೂ ಇಲ್ಲದ ಎಂಜಿನ್ ಸುಮ್ಮನೆ ಸುತ್ತು ಹೊಡೆಯುವುದನ್ನು ಎರಡು ವಾರ ನೋಡಿದ ಮೇಲೆ ನನಗೆ ಸಾಕಾಯಿತು.

ಈ ರೈಲಿನ ಎರಡು ಹಳಿಗಳ ನಡುವಿನ ಅಂತರ 45 ಮಿ.ಮೀ. 1968ರಲ್ಲಿ ನ್ಯೂರೆಂಬರ್ಗಿನ ಲೇಮನ್ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದಾಗ ಯುರೋಪಿನ ಮೀಟರ್ ಗೇಜ್ ರೈಲುಗಳನ್ನು, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವವನ್ನು, 22.5ರಲ್ಲಿ ಒಂದು ಪಾಲಿಗೆ ಇಳಿಸಿತ್ತು. ಒಂದು ಸಾವಿರ ಮಿಲಿಮೀಟರನ್ನು 22.5ರಿಂದ ಭಾಗಿಸಿದರೆ 44.4 ಬರುತ್ತದೆ, ವ್ಯತ್ಯಾಸ ಅರ್ಧ ಮಿಲಿಮೀಟರಿನಷ್ಟು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಬೆಳೆದದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಶಿವಮೊಗ್ಗದಿಂದ ಹೊರಟ ಮೀಟರ್ ಗೇಜ್ ಹಳಿ ತಾಳಗುಪ್ಪದಲ್ಲಿ ಕೊನೆಗೊಳ್ಳುತ್ತಿತ್ತು. ಈಗ ಆ ಮಾರ್ಗ ಅದಕ್ಕಿಂತ ಅಗಲವಾದ ಬ್ರಾಡ್ ಗೇಜ್ ಆಗಿದೆ. ಮೈಸೂರು–ಬೆಂಗಳೂರು, ಹಾಸನ–ಮಂಗಳೂರು ಮಾರ್ಗಗಳ ಕಥೆಯೂ ಅಷ್ಟೇ. ಹಾಗಾಗಿ ಈ ಹಳಿಯ ಮೇಲೆ ನಮ್ಮ ಕಡೆಯ ಕೆಂಗಂದು ಬಣ್ಣದ ಗೂಡ್ಸ್ ವ್ಯಾಗನ್ನುಗಳನ್ನು ಓಡಿಸಿದರೆ ಅಳತೆಯಲ್ಲಿ ಸುಳ್ಳಿರುವುದಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನವಾಯಿತು.

ಹೊಸ ವ್ಯಾಗನ್ನೊಂದಕ್ಕೆ ಹೊರದೇಶದಲ್ಲಿ ನೂರು ಯೂರೊ ಆಸುಪಾಸು ಬೆಲೆಯಿದೆ ಎಂದು ತಿಳಿದಾಗ ಇಡೀ ವ್ಯಾಗನ್ ಕೊಳ್ಳುವ ಆಸೆಯನ್ನು ಅಲ್ಲಿಯೇ ಬಿಟ್ಟೆ. ಡಬ್ಬಿಯನ್ನು ನಾನೇ ಮಾಡಿಕೊಂಡು ಚಕ್ರಗಳನ್ನು ಮಾತ್ರ ತರಿಸೋಣವೆಂದು ಜನವರಿ ಎರಡನೆಯ ವಾರದಲ್ಲಿ ಎಂಟು ಜೋಡಿ ಲೋಹದ ಚಕ್ರಗಳಿಗೆ ಹಣ ಕಳುಹಿಸಿದೆ. ನನ್ನ ಮೊದಲ ತಪ್ಪು ಇದು. ಮಾರಿದವನು ಪಾರ್ಸೆಲ್ಲಿನ ಮೇಲೆ ‘ಆಟಿಕೆ ರೈಲಿನ ಭಾಗಗಳು’ ಎಂದು ಬರೆದಿದ್ದ. ನಮ್ಮಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದ್ದು, ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಕ್ಕೆಂದು ತಯಾರಾದ ವಸ್ತುಗಳಿಗೆ ಐಎಸ್‌ಐ ಗುರುತು ಬೇಕಾಗುತ್ತದೆ. ಅದಲ್ಲದೆ ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿತ್ತು. ಇದಾವುದೂ ನನಗೆ ಆಗ ಗೊತ್ತಿರಲಿಲ್ಲ. ಕೊರಿಯರಿನವರು ಮೊದಲು ಆಧಾರ್ ಮತ್ತು ಪ್ಯಾನ್ ಕೇಳಿದರು, ಕೊಟ್ಟೆ. ಬಿಲ್ಲು ಮತ್ತು ಹಣ ಪಾವತಿಯ ಪುರಾವೆ ಕೇಳಿದರು, ಕೊಟ್ಟೆ. ಇದು ಯಾವುದಕ್ಕೆ ಬಳಕೆಯಾಗುವ ವಸ್ತು ಎಂದು ವಿವರಿಸುವ ಪತ್ರ ಕೇಳಿದರು. ನಾನು ಅರವತ್ತೊಂದು ವರ್ಷದ ನಿವೃತ್ತ, ನನ್ನ ಸ್ವಂತ ಹವ್ಯಾಸಕ್ಕೆ ಎಂದು ಬರೆದು ಸಹಿ ಹಾಕುವಾಗ ನನಗೇ ನಾಚಿಕೆಯಾಯಿತು. ಕೊನೆಗೆ ಆಟಿಕೆ ಎಂದು ಬರೆದ ಮೇಲೆ ಐಎಸ್‌ಐ ದಾಖಲೆಯಿಲ್ಲದೆ ಬಿಡುವಂತಿಲ್ಲ ಎಂಬ ಉತ್ತರ ಬಂತು. ನಲವತ್ತೇಳನೆಯ ದಿನ ಪಾರ್ಸೆಲ್ಲನ್ನು ಮರಳಿಸಲು ಒಪ್ಪಿದೆ; ಚಕ್ರಗಳ ಹಣ ಹಿಂದಿರುಗಿತು, ಸಾಗಣೆಯ ಹಣ ಹೋಯಿತು. ಯಾರಾದರೂ ತರಿಸಲೇಬೇಕೆಂದಿದ್ದರೆ, ಹಣ ಕಳುಹಿಸುವ ಮೊದಲೇ ಪಾರ್ಸೆಲ್ಲಿನ ಮೇಲೆ ಏನೆಂದು ಬರೆಯುತ್ತೀರಿ ಎಂದು ಮಾರುವವನನ್ನು ಕೇಳಿಕೊಳ್ಳಿ. ಸುಳ್ಳು ಬರೆಸುವ ಮಾತಲ್ಲ. ಬರೆಯುವ ಆ ಒಂದು ಸಾಲಿನ ಮೇಲೆ ಎಲ್ಲವೂ ನಿಂತಿದೆ ಎಂಬುದು ಮೊದಲೇ ತಿಳಿದಿರಲಿ ಎಂದಷ್ಟೇ.

ಪಾರ್ಸೆಲ್ಲಿಗೆ ಕಾಯುತ್ತಿದ್ದ ದಿನಗಳು ಪೂರ್ತಿ ವ್ಯರ್ಥವಾಗಲಿಲ್ಲ. ಕೆಆರ್‌ಎಸ್ ರಸ್ತೆಯ ರೈಲು ವಸ್ತುಸಂಗ್ರಹಾಲಯಕ್ಕೆ ಮೂರು ಸಲ ಹೋಗಿ, ಮಹಾರಾಣಿಯವರ ಸಲೂನು ಬೋಗಿಯ ಒಳಾಂಗಣವನ್ನು ಎಲ್ಲರೂ ಇಣುಕಿ ನೋಡುತ್ತಿದ್ದಾಗ ನಾನು ಮೊಣಕಾಲೂರಿ ಹಳೆಯ ವಾಹನಗಳ ತಳಭಾಗದ ಪಟ್ಟಿ ಸ್ಪ್ರಿಂಗು, ಎಕ್ಸಲ್ ಬಾಕ್ಸು, ಬೋಲ್ಟುಗಳ ಸಾಲು ಇವುಗಳ ಚಿತ್ರ ಬರೆದುಕೊಂಡೆ. ನಮ್ಮ ಬ್ರಾಡ್ ಗೇಜಿನ ಹಳೆಯ ಗಾಡಿಗಳಿಗೆ ಗಾಡಿಗಳು ತಾಗಿದಾಗ ಪೆಟ್ಟು ತಡೆಯುವ ಬಫರುಗಳು ಎರಡು ಬದಿಯಲ್ಲಿ ಎರಡು ಇರುತ್ತಿದ್ದವು. ಮೀಟರ್ ಗೇಜಿನಲ್ಲಿ ನಡುವೆ ಒಂದೇ ಬಫರ್, ಕೊಂಡಿಯೂ ಅದರಲ್ಲಿಯೇ. ಮಾದರಿ ಕಟ್ಟುವವರಿಗೆ ಇದು ವರವೇ ಸರಿ, ಏಕೆಂದರೆ ಬಾಗಿನಲ್ಲಿ ಬಫರುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಭಯವಿಲ್ಲ.

ಮಾರ್ಚ್ ತಿಂಗಳಲ್ಲಿ ಪರಿಚಯದ ಹುಡುಗನೊಬ್ಬನಿಂದ ಚಕ್ರಗಳನ್ನೂ ಬದಿಯ ಚೌಕಟ್ಟುಗಳನ್ನೂ ತ್ರಿಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಿಂದ ಮಾಡಿಸಿದೆ. ಒಂಬೈನೂರು ರೂಪಾಯಿ ಆಯಿತು. ನೋಡಲು ಬಹಳ ಚೆನ್ನಾಗಿದ್ದವು. ಆದರೆ ಹಗುರವಾದ್ದರಿಂದ ಚಕ್ರಗಳು ಹಳಿಯ ಪ್ರತಿ ಸೇರುವೆಯಲ್ಲೂ ಹಾರಿ ಕೆಳಗಿಳಿಯುತ್ತಿದ್ದವು. ಅದನ್ನಾದರೂ ಸೀಸ ತುಂಬಿ ಸರಿಪಡಿಸಬಹುದಿತ್ತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಊಟಕ್ಕೆ ಒಳಗೆ ಹೋಗುವಾಗ ವ್ಯಾಗನ್ನನ್ನು ಬಟ್ಟೆ ಒಗೆಯುವ ಕಡಪ ಕಲ್ಲಿನ ಮೇಲಿಟ್ಟು ಮರೆತೆ. ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಮೆದುವಾಗುತ್ತದೆ. ಬಿಸಿಲು ಕುಡಿದ ಕಪ್ಪು ಕಲ್ಲು ಅದಕ್ಕೆ ಸಾಲದೆ ಹೋಗಲಿಲ್ಲ. ಒಂದು ಗಂಟೆಯ ಮೇಲೆ ಬಂದು ನೋಡಿದರೆ ಚೌಕಟ್ಟು ಬಿಸಿ ಹೋಳಿಗೆಯಂತೆ ಜೋತು ಬಿದ್ದಿತ್ತು. ಹೊರಗಿಡುವ ಯಾವ ವಸ್ತುವಿಗೂ ಪಿಎಲ್‌ಎ ಬಳಸಬೇಡಿ. ಪ್ರಿಂಟ್ ಮಾಡಿಸಲೇಬೇಕಾದರೆ ಪಿಇಟಿಜಿ ಎಂಬ ಪ್ಲಾಸ್ಟಿಕ್ ಕೇಳಿ, ಅದು 80 ಡಿಗ್ರಿಯವರೆಗೆ ತಡೆಯುತ್ತದೆ.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೋಹ ಕಡೆದು ಕೊಡುವ ಒಂದು ಲೇತ್ ಅಂಗಡಿಗೆ ನಾನು ಹೋದದ್ದು ಇಷ್ಟೆಲ್ಲ ಆದ ಮೇಲೆ. ಮೊದಲ ದಿನವೇ ಹೋಗಬೇಕಾಗಿದ್ದ ಜಾಗ ಅದು. ಪಂಪ್ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು ಮಾಡುವ ಆ ಅಂಗಡಿಯ ಯಜಮಾನರು ನನ್ನ ಕೈಬರಹದ ಚಿತ್ರವನ್ನು ತಿರುಗಿಸಿ ನೋಡಿ, “ಇದರಲ್ಲಿ ಅಳತೆ ಎಲ್ಲಿದೆ ಸ್ವಾಮಿ?” ಎಂದರು. ಅಳತೆಯಿದ್ದದ್ದು ನನ್ನ ತಲೆಯಲ್ಲಿ. ಮನೆಗೆ ಹಿಂದಿರುಗಿ ಗ್ರಾಫ್ ಹಾಳೆಯ ಮೇಲೆ ಎರಡು ಪಟ್ಟು ದೊಡ್ಡದಾಗಿ ಬರೆದುಕೊಂಡು ಹೋದೆ: ಹಳಿಯ ಮೇಲೆ ಉರುಳುವ ಭಾಗದ ವ್ಯಾಸ 32 ಮಿ.ಮೀ., ಹಳಿಯ ಒಳಬದಿಗೆ ಇಳಿಯುವ ಅಂಚಿನ ಎತ್ತರ ಎರಡೂವರೆ, ಚಕ್ರದ ಒಟ್ಟು ದಪ್ಪ 8, ನಡುವಿನ ತೂತು 4. ಉರುಳುವ ಭಾಗಕ್ಕೆ ಮೂರು ಡಿಗ್ರಿ ಇಳಿಜಾರು ಇರಲೇಬೇಕು, ಅಂಚು ಅದನ್ನು ಸೇರುವಲ್ಲಿ ಚೂಪಾದ ಮೂಲೆಯ ಬದಲು ಸಣ್ಣ ಗುಂಡಗಿನ ತಿರುವಿರಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದೆ. ನಿಜವಾದ ರೈಲಿನ ಚಕ್ರದಲ್ಲಿಯೂ ಈ ಇಳಿಜಾರಿದೆ. ಗಾಡಿಯನ್ನು ಹಳಿಯ ನಡುವಿಗೆ ತಂದು ನಿಲ್ಲಿಸುವುದು ಅದೇ. ಅಂಚು ಬರೀ ಕಾವಲುಗಾರ. ಇದನ್ನು ನಾನು ವಿವರಿಸಿದಾಗ ಯಜಮಾನರು ಮೊದಲ ಬಾರಿಗೆ ಈ ಕೆಲಸದಲ್ಲಿ ಆಸಕ್ತಿ ತೋರಿದರು.

40 ಮಿ.ಮೀ. ದಪ್ಪದ ಮೆದು ಉಕ್ಕಿನ ಸರಳನ್ನು ನಾನೇ ತಂದು ಕೊಡಬೇಕೆಂದರು. ಕಬ್ಬಿಣದ ಅಂಗಡಿಯವರು ಕಟ್ಟಡದ ಕಂಬಿಗಳಿಗೆ ಬಳಸುವ ಲೆಕ್ಕವೇ ಇಲ್ಲಿಯೂ ಸಲ್ಲುತ್ತದೆ: ಮಿಲಿಮೀಟರಿನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೊ ಎಂದು ಬರುತ್ತದೆ. ಅರ್ಧ ಮೀಟರು ಐದು ಕಿಲೊ ತೂಗಿತು, ನಾನೂರು ರೂಪಾಯಿ. ಹದಿನಾರು ಚಕ್ರಗಳಿಗೆ ಅದರಲ್ಲಿ ಅರ್ಧವೂ ಬೇಕಾಗಲಿಲ್ಲ, ಆದರೆ ಅದಕ್ಕಿಂತ ಗಿಡ್ಡ ತುಂಡನ್ನು ಅವರು ಕತ್ತರಿಸಿ ಕೊಡುವುದಿಲ್ಲ. ಚಕ್ರಕ್ಕೆ ನೂರ ಮೂವತ್ತರಂತೆ ಕೂಲಿ. ದೊಡ್ಡ ಕೆಲಸಗಳ ನಡುವೆ ಬಿಡುವಾದಾಗ ಮಾಡುತ್ತೇವೆ ಎಂದದ್ದರಿಂದ ಐದು ವಾರ ಕಾದೆ. ಅವಸರ ಮಾಡದೆ ವಾರಕ್ಕೊಮ್ಮೆ ಹೋಗಿ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳಿ ಬರುವುದೇ ಇಲ್ಲಿ ಸರಿಯಾದ ರೀತಿ. ದಿನವೂ ಫೋನ್ ಮಾಡುವವರ ಕೆಲಸ ಕೆಳಗೆ ಹೋಗುವುದನ್ನು ನಾನೇ ಕಂಡೆ.

ಜೂನ್ ಮೊದಲ ವಾರ ಚಕ್ರಗಳು ಕೈಗೆ ಬಂದವು. ಒಂದೊಂದೂ ಸುಮಾರು ಅರವತ್ತು ಗ್ರಾಂ, ಕನ್ನಡಿಯಂತೆ ಹೊಳೆಯುತ್ತಿದ್ದವು. 4 ಮಿ.ಮೀ. ಉಕ್ಕಿನ ಕಡ್ಡಿಯನ್ನು 70 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಎರಡು ಚಕ್ರಗಳ ಒಳಮೈಗಳ ನಡುವೆ ಸರಿಯಾಗಿ 40 ಮಿ.ಮೀ. ಇರುವಂತೆ ಬಿಗಿಯಾಗಿ ಕೂರಿಸಿ, ಒಂದು ಮರದ ಹಲಗೆಯ ಕೆಳಗೆ ಎರಡು ಜೋಡಿ ಕಟ್ಟಿ ಹಳಿಯ ಮೇಲಿಟ್ಟೆ. ನಿಯಂತ್ರಕದ ಕೆಂಪು ದೀಪ ಹೊತ್ತಿ ಎಂಜಿನ್ ಸತ್ತಂತೆ ನಿಂತಿತು. ಮತ್ತೆ ಹಾಕಿದರೂ ಅದೇ. ವ್ಯಾಗನ್ನನ್ನು ತೆಗೆದು ನೋಡಬೇಕೆಂಬ ಬುದ್ಧಿ ನನಗೆ ಬರಲಿಲ್ಲ. ನಿಯಂತ್ರಕ ಕೆಟ್ಟಿತು, ತಂದುಕೊಟ್ಟ ಭಾವಮೈದುನನಿಗೆ ಏನು ಹೇಳಲಿ ಎಂಬ ಚಿಂತೆಯಲ್ಲಿಯೇ ಎರಡು ದಿನ ಕಳೆದೆ. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಹೊಳೆಯಿತು. ಈ ರೈಲಿನಲ್ಲಿ ವಿದ್ಯುತ್ತು ಹರಿಯುವುದೇ ಎರಡು ಹಳಿಗಳಲ್ಲಿ, ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣ. ಉಕ್ಕಿನ ಚಕ್ರ, ಉಕ್ಕಿನ ಕಡ್ಡಿ, ಮತ್ತೆ ಉಕ್ಕಿನ ಚಕ್ರ ಸೇರಿಸಿ ನಾನು ಎರಡು ಹಳಿಗೂ ಸೇತುವೆ ಕಟ್ಟಿದ್ದೆ. ನಿಯಂತ್ರಕ ಕೆಟ್ಟಿರಲಿಲ್ಲ, ತನ್ನನ್ನು ತಾನು ಕಾಪಾಡಿಕೊಂಡಿತ್ತು.

ಪ್ರತಿ ಜೋಡಿಯಲ್ಲಿ ಒಂದು ಚಕ್ರವಾದರೂ ಕಡ್ಡಿಯಿಂದ ಬೇರ್ಪಟ್ಟಿರಬೇಕು. ಮತ್ತೆ ಲೇತ್ ಅಂಗಡಿಗೆ ಹೋಗಿ ಎಂಟು ಚಕ್ರಗಳ ತೂತನ್ನು 10 ಮಿ.ಮೀ.ಗೆ ಹಿಗ್ಗಿಸಿ ಅದರೊಳಗೆ ನೈಲಾನ್ ಬುಷ್, ಅಂದರೆ ಬಳೆಯಂಥ ತುಂಡು, ಒತ್ತಿಸಿದೆ, ಒಂದಕ್ಕೆ ನಲವತ್ತು ರೂಪಾಯಿ. ಮೊದಲೇ ಹೇಳಿದ್ದರೆ ಒಂದೇ ಹಿಡಿತದಲ್ಲಿ ಆಗುತ್ತಿತ್ತಲ್ಲ ಎಂದು ಅವರು ಹೇಳಿದ್ದು ನ್ಯಾಯವೇ ಆಗಿತ್ತು. ಈಗ ಯಾವ ಚಕ್ರದ ಜೋಡಿಯನ್ನೂ ವಿದ್ಯುತ್ತು ದಾಟುತ್ತಿಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡದೆ ನಾನು ಹಳಿಗೆ ಇಡುವುದಿಲ್ಲ. 40 ಮಿ.ಮೀ. ಅಗಲದ ಒಂದು ಮರದ ತುಂಡನ್ನೂ ಜೇಬಿನಲ್ಲಿಯೇ ಇಟ್ಟುಕೊಂಡಿದ್ದೇನೆ. ಚಕ್ರಗಳ ನಡುವೆ ಅದು ಸಡಿಲವಾಗಿಯೂ ಇರದೆ ಬಿಗಿಯಾಗಿಯೂ ಇರದೆ ಜಾರಬೇಕು.

ಚೌಕಟ್ಟಿನ ವಿಷಯದಲ್ಲಿ ಎರಡು ಪಾಠ ಕಲಿತೆ. ಮೊದಲನೆಯದು ಚಕ್ರಜೋಡಿಗಳ ನಡುವಿನ ಅಂತರದ್ದು. ನಾಲ್ಕೇ ಚಕ್ರಗಳ ವ್ಯಾಗನ್ನಿಗೆ ಮೊದಲು 180 ಮಿ.ಮೀ. ಅಂತರ ಕೊಟ್ಟಿದ್ದೆ, 600ರ ಬಾಗಿನಲ್ಲಿ ಅದು ಕಿರುಚುತ್ತಾ ಎಂಜಿನ್ನಿನ ಚಕ್ರಗಳನ್ನು ನಿಂತಲ್ಲೇ ಸುತ್ತಿಸಿತು. 130ಕ್ಕೆ ಇಳಿಸಿದ ಮೇಲೆ ಸದ್ದಡಗಿತು. ಎರಡನೆಯದು ಇನ್ನೂ ಮುಖ್ಯವಾದದ್ದು. ಹಿತ್ತಲಿನ ನೆಲ ಎಷ್ಟು ಸಮ ಮಾಡಿದರೂ ಸಮವಲ್ಲ, ಒಂದು ಮಳೆಗೆ ಒಂದು ಕಡೆ ಕುಸಿಯುತ್ತದೆ. ನಾಲ್ಕು ಕಾಲಿನ ಮೇಜು ಅಂಕುಡೊಂಕಿನ ನೆಲದಲ್ಲಿ ಕುಂಟುವಂತೆ ಬಿಗಿ ಚೌಕಟ್ಟಿನ ವ್ಯಾಗನ್ನಿನ ಒಂದು ಚಕ್ರ ಯಾವಾಗಲೂ ಗಾಳಿಯಲ್ಲಿರುತ್ತದೆ, ಮತ್ತು ಆ ಚಕ್ರವೇ ಹಳಿ ತಪ್ಪುತ್ತದೆ. ಪರಿಹಾರ ಸುಲಭ: ಒಂದು ಜೋಡಿಯನ್ನು ಬಿಗಿಯಾಗಿ ಕೂರಿಸಿ, ಇನ್ನೊಂದನ್ನು ಉದ್ದುದ್ದ ಮಲಗಿಸಿದ ಒಂದೇ ಮೊಳೆಯ ಮೇಲೆ ತಕ್ಕಡಿಯ ಕೋಲಿನಂತೆ ಎಡಬಲಕ್ಕೆ ತೂಗುವಂತೆ ಕಟ್ಟಬೇಕು. ಎರಡು ಮಿಲಿಮೀಟರು ತೂಗಿದರೆ ಸಾಕು. ಬೇರಿಂಗಿಗೆ ದುಡ್ಡು ಹಾಕಬೇಡಿ. ಒಂದು ವ್ಯಾಗನ್ನಿಗೆ ಹಾಕಿ ನೋಡಿದೆ, ಹಿತ್ತಾಳೆಯ ಕೊಳವೆಯ ತುಂಡಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಡಬ್ಬಿಗಳನ್ನು ಕಟ್ಟುವುದು ಈ ಎಲ್ಲದರಲ್ಲಿ ಅತ್ಯಂತ ಸುಖದ ಮತ್ತು ಅತ್ಯಂತ ಅಗ್ಗದ ಭಾಗ. ನಾಮಫಲಕ ಮಾಡುವ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ಪಿವಿಸಿ ಫೋಮ್ ಹಾಳೆಯ ಚೂರುಗಳು ಸಿಗುತ್ತವೆ. ಇನ್ನೂರು ರೂಪಾಯಿಗೆ ಒಂದು ಚೀಲ ತುಂಬ ಕೊಟ್ಟರು. ಬ್ಲೇಡಿನಿಂದ ಗೀರಿದರೆ ಹಲಗೆಗಳ ಸಾಲಿನಂತೆ ಕಾಣುತ್ತದೆ, ನೀರು ಕುಡಿಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಮುಚ್ಚಿದ ವ್ಯಾಗನ್ನನ್ನು ಇದರಿಂದಲೂ, ತೆರೆದ ಎರಡನ್ನು ಬಡಗಿಯೊಬ್ಬರು ಕೊಟ್ಟ ತೇಗದ ಚೂರು ಮತ್ತು ಐಸ್‌ಕ್ರೀಂ ಕಡ್ಡಿಗಳಿಂದಲೂ ಮಾಡಿದೆ. ಟ್ಯಾಂಕರಿಗೆ 75 ಮಿ.ಮೀ. ಪ್ಲಂಬಿಂಗ್ ಪೈಪು, ಎರಡು ಮುಚ್ಚಳ. ನಿಜದ ಅಳತೆಗೆ ಏರಿಸಿದರೆ ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರಿನ ಹತ್ತಿರ ಬರುತ್ತದೆ, ಮೀಟರ್ ಗೇಜಿಗೆ ಹೊಂದುವ ಗಾತ್ರ. ಕೈಹಿಡಿಗೂ ಕೊಂಡಿಗೂ ಸೈಕಲ್ಲಿನ ಕಡ್ಡಿಗಳು. ಟೈರ್ ಅಂಗಡಿಯಲ್ಲಿ ಬಿಸಾಡುವ ಬ್ಯಾಲೆನ್ಸಿಂಗ್ ಸೀಸದ ತುಂಡುಗಳನ್ನು ಕೇಳಿ ತಂದು ತಳದಲ್ಲಿ ಅಂಟಿಸಿದೆ. ಭಾರ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು.

ಇದೆಲ್ಲ ಜುಲೈನಲ್ಲಿ ಮುಗಿದಂತೆ ಕಂಡಿತು. ಆಮೇಲೆ ಮಳೆ ಬಂತು. ತೇಗದ ವ್ಯಾಗನ್ನುಗಳಲ್ಲಿ ನಾನು ಬಳಸಿದ್ದು ಪೀಠೋಪಕರಣಕ್ಕೆ ಹಾಕುವ ಸಾಮಾನ್ಯ ಬಿಳಿ ಗೋಂದು. ಮೂರು ದಿನದ ಜಡಿಯಲ್ಲಿ ಕಡ್ಡಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಎರಡನ್ನೂ ಪೂರ್ತಿ ಕಳಚಿ ಎಪಾಕ್ಸಿ ಅಂಟಿನಲ್ಲಿ ಮತ್ತೆ ಕೂಡಿಸಿದೆ. ಚಕ್ರಗಳ ಬದಿಗೆ ತುಕ್ಕು ಹಿಡಿಯಿತು, ಅದಕ್ಕೆ ಪ್ರೈಮರ್ ಬಳಿದೆ. ಉರುಳುವ ಭಾಗಕ್ಕೆ ಬಣ್ಣ ಬಳಿಯಬಾರದು, ಓಡುತ್ತಿದ್ದರೆ ಅದು ತಾನೇ ಹೊಳೆಯುತ್ತದೆ. ಎಣ್ಣೆ ಒರೆಸುವ ಯೋಚನೆಯೂ ಬೇಡ, ಹಳಿಗೆ ತಗಲಿದರೆ ಎಂಜಿನ್ ಜಾರುತ್ತದೆ. ಮುಚ್ಚಿದ ವ್ಯಾಗನ್ನನ್ನು ಒಂದು ವಾರ ಹೊರಗೆ ಬಿಟ್ಟದ್ದಕ್ಕೆ ಇರುವೆಗಳು ಮೊಟ್ಟೆ ಸಮೇತ ಅದರಲ್ಲಿ ಸಂಸಾರ ಹೂಡಿದ್ದವು. ಬಾಗಿಲು ತೆರೆದ ನನ್ನ ಕೈಯನ್ನು ಅವು ಸುಮ್ಮನೆ ಬಿಡಲಿಲ್ಲ.

ಮಳೆಗಾಲದ ನಿಜವಾದ ಪೆಟ್ಟು ಬಿದ್ದದ್ದು ನೈಲಾನಿನ ಮೇಲೆ. ಆಗಸ್ಟಿನಲ್ಲಿ ಇದ್ದಕ್ಕಿದ್ದಂತೆ ಟ್ಯಾಂಕರು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಳಿ ತಪ್ಪತೊಡಗಿತು. ಹಳಿಯನ್ನು ಎರಡು ಸಲ ಕಿತ್ತು ಹಾಸಿದೆ, ತೂಗುವ ಜೋಡಿಯನ್ನು ಬಿಚ್ಚಿ ನೋಡಿದೆ, ಹೆಂಡತಿಯೊಡನೆ ವಿನಾ ಕಾರಣ ಸಿಡುಕಿದೆ. ಕೊನೆಗೆ ಜೇಬಿನ ಮರದ ತುಂಡು ಹೇಳಿತು: ಒಂದು ಜೋಡಿಯ ಅಂತರ 40ರಿಂದ 41 ದಾಟಿತ್ತು. ನೈಲಾನ್ ತೇವ ಹೀರಿಕೊಂಡು ಉಬ್ಬುವ ವಸ್ತು. ಬುಷ್ಷಿನ ಹಿಡಿತ ಸಡಿಲವಾಗಿ ಚಕ್ರ ಕಡ್ಡಿಯ ಮೇಲೆ ಜಾರಿತ್ತು. ಡೆಲ್ರಿನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕು ತೇವವನ್ನು ಬಹಳ ಕಡಿಮೆ ಹೀರುತ್ತದೆ ಎಂದು ಲೇತ್ ಅಂಗಡಿಯ ಯಜಮಾನರೇ ಹೇಳಿದರು, ಪಂಪುಗಳ ಕೆಲಸದಲ್ಲಿ ಅವರಿಗದು ಹಳೆಯ ವಿಷಯ. ಎಂಟೂ ಬುಷ್ಷುಗಳನ್ನು ಬದಲಿಸಲು ಸರಕು, ಕೂಲಿ ಸೇರಿ ಐನೂರು ರೂಪಾಯಿ, ಇನ್ನೂ ಮೂರು ವಾರದ ಕಾಯುವಿಕೆ. ನೀವು ಮಾಡಿಸುವಾಗ ಮೊದಲ ಸಲಕ್ಕೇ ಡೆಲ್ರಿನ್ ಎಂದು ಚಿತ್ರದ ಮೇಲೆ ಬರೆದುಬಿಡಿ.

ಲೆಕ್ಕದ ಪುಸ್ತಕ ಹೀಗಿದೆ. ಉಕ್ಕು ನಾನೂರು, ಹದಿನಾರು ಚಕ್ರಗಳ ಕೂಲಿ 2,080, ನೈಲಾನ್ 320, ಡೆಲ್ರಿನ್ 500. ಚಕ್ರಗಳಿಗೇ 3,300 ರೂಪಾಯಿ ಆಯಿತು. ಕಡ್ಡಿ, ಹಿತ್ತಾಳೆ ಕೊಳವೆ, ಫೋಮ್ ಹಾಳೆ, ಪೈಪು, ಬಣ್ಣ, ಎಪಾಕ್ಸಿ, ತಿರುಪು, ಸೈಕಲ್ ಕಡ್ಡಿ ಎಲ್ಲ ಸೇರಿ 1,480. ಒಟ್ಟು 4,780, ಅಂದರೆ ವ್ಯಾಗನ್ನೊಂದಕ್ಕೆ ಸುಮಾರು 1,200. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹಣ ಚಕ್ರಕ್ಕೇ ಹೋಗಿದೆ, ಮತ್ತು ಅದು ಹಾಗೆಯೇ ಹೋಗಬೇಕು. ಡಬ್ಬಿ ಕೆಟ್ಟದಾಗಿದ್ದರೂ ಒಳ್ಳೆಯ ಚಕ್ರದ ಮೇಲೆ ಗಾಡಿ ಓಡುತ್ತದೆ, ನಾನು ಮಾತ್ರ ಉಳಿತಾಯಕ್ಕೆ ಹೊರಟದ್ದು ಚಕ್ರದಲ್ಲಿ. ಪ್ರಿಂಟಿನ ಒಂಬೈನೂರು ಮತ್ತು ಪಾರ್ಸೆಲ್ಲಿನ ಸಾಗಣೆಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ, ಅವು ಬೇರೆ ಪುಟದಲ್ಲಿವೆ.

ಟ್ಯಾಂಕರಿನ ಕೊಂಡಿ ಉಳಿದವುಗಳಿಗಿಂತ ಮೂರು ಮಿಲಿಮೀಟರು ತಗ್ಗಿನಲ್ಲಿದೆ. ಗಾಡಿ ಏರು ಹತ್ತುವಾಗ ಇಪ್ಪತ್ತು ಸುತ್ತಿಗೊಮ್ಮೆ ಅದು ಕಳಚಿಕೊಳ್ಳುತ್ತದೆ, ಎಂಜಿನ್ ಅದನ್ನು ಬಿಟ್ಟು ಮುಂದೆ ಹೋಗಿ ಸುತ್ತು ಮುಗಿಸಿ ಹಿಂದಿನಿಂದ ಬಂದು ಗುದ್ದುತ್ತದೆ. ಎರಡು ವಾಷರ್ ಹಾಕಿ ಎತ್ತರಿಸಬೇಕು. ನನ್ನ ಸಾಮಾನಿನ ಪೆಟ್ಟಿಗೆಯಲ್ಲಿದ್ದ ವಾಷರುಗಳು ದಪ್ಪವಾದವು, ನಾಳೆ ಅಂಗಡಿ ತೆರೆದ ಮೇಲೆ ತೆಳುವಾದವನ್ನು ತರುತ್ತೇನೆ.